ಹತ್ತೊಂಬತ್ತು ಮರೆವುಗಳ ಮನೆ

ಆ ಊರಿನಲ್ಲಿ ಯಾರೂ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆಯುತ್ತಿರಲಿಲ್ಲ. ತೆರೆಯಲು ಪ್ರತಿ ಮನೆಗೂ ಒಬ್ಬ ಬಾಗಿಲವನಿದ್ದ. ಮನೆ ಕಟ್ಟಿ ಮುಗಿದ ದಿನವೇ ಅವನು ಬೆಟ್ಟದ ಮೇಲಿನ ದೊಡ್ಡಮನೆಯಿಂದ ಇಳಿದು ಬಂದು ಹೊಸ್ತಿಲ ಪಕ್ಕ ನಿಲ್ಲುತ್ತಿದ್ದ. ಸಂಬಳ ಕೇಳುತ್ತಿರಲಿಲ್ಲ. ಊಟ ಕೇಳುತ್ತಿರಲಿಲ್ಲ. ಸದಾ ನಗುತ್ತಿದ್ದ. ಇಷ್ಟು ಒಳ್ಳೆಯವನು ಪುಕ್ಕಟೆಗೆ ಯಾಕೆ ಸಿಕ್ಕ ಎಂದು ಯಾರೂ ಕೇಳಲಿಲ್ಲ. ಪುಕ್ಕಟೆ ಬಂದದ್ದನ್ನು ಪ್ರಶ್ನಿಸುವುದು ಆ ಊರಿನಲ್ಲಿ ಮರ್ಯಾದೆಯಲ್ಲ.

ಬಾಗಿಲವ ಹೇಳಿದರೆ ಬೀಸುಕಲ್ಲು ತಿರುಗುತ್ತಿತ್ತು, ಬಾಗಿಲವ ಹೇಳಿದರೆ ದೀಪ ಹತ್ತುತ್ತಿತ್ತು. ಸಂಜೆ ದೀಪ ಹತ್ತಿದ ಮೇಲೆ ಊರಿನ ಬಾಗಿಲವರೆಲ್ಲ ಸಾಲಾಗಿ ಬೆಟ್ಟ ಹತ್ತುತ್ತಿದ್ದರು. ದೊಡ್ಡಮನೆಯ ಅಂಗಳದಲ್ಲಿ ನಿಂತು, ಆ ದಿನ ಮನೆಯೊಳಗೆ ಯಾರು ಏನು ಉಂಡರು, ಯಾರು ಯಾರ ಜೊತೆ ಮಾತು ಬಿಟ್ಟರು, ಯಾರು ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನು ಒಪ್ಪಿಸುತ್ತಿದ್ದರು. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಮರಳಿ ಬರುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ.

"ನಿಮ್ಮ ಅನುಕೂಲಕ್ಕೇ."

ವರ್ಷಕ್ಕೊಮ್ಮೆ ಬಾಗಿಲವ ಒಪ್ಪಿಗೆಯ ಸುರುಳಿ ಬಿಚ್ಚುತ್ತಿದ್ದ. ಅದು ಹೊಸ್ತಿಲಿನಿಂದ ಹೊರಟು, ಅಂಗಳ ದಾಟಿ, ಬಾವಿಗೆ ಒಂದು ಸುತ್ತು ಹಾಕಿ, ಮತ್ತೆ ಹೊಸ್ತಿಲಿಗೆ ಬಂದು ಮುಗಿಯುತ್ತಿತ್ತು. ಕೊನೆಯಲ್ಲಿ ಹೆಬ್ಬೆಟ್ಟಿಗೆ ಜಾಗ. ಊರಿನವರು ಹೊಸ್ತಿಲಿನಲ್ಲೇ ಬಗ್ಗಿ, ಹೆಬ್ಬೆಟ್ಟು ಒತ್ತಿ, ಸೊಂಟ ಹಿಡಿದುಕೊಂಡು ಎದ್ದುಬಿಡುತ್ತಿದ್ದರು. ಒಬ್ಬನು ಮಾತ್ರ, ಓದಿಯೇ ಒತ್ತುತ್ತೇನೆ ಎಂದು ಕುಳಿತ. ಅವನು ಬಾವಿಯ ಹತ್ತಿರ ಬರುವ ಹೊತ್ತಿಗೆ ಮರುವರ್ಷದ ಸುರುಳಿ ಬಂತು. ಅವನು ಈಗಲೂ ಬಾವಿಯ ಹತ್ತಿರವೇ ಇದ್ದಾನೆ. ಊರಿನವರು ಅವನನ್ನು ಮಕ್ಕಳಿಗೆ ತೋರಿಸುತ್ತಾರೆ.

ಕೆಲವು ದಿನ ಬಾಗಿಲವ ಹೊಸ್ತಿಲ ಮೇಲೆ ಅಡ್ಡ ನಿಂತು ಕಣ್ಣು ಮುಚ್ಚುತ್ತಿದ್ದ. "ಹೊಸಬನಾಗುತ್ತಿದ್ದೇನೆ. ಒಳಗಿನವರು ಒಳಗೆ ಇರಿ, ಹೊರಗಿನವರು ಹೊರಗೆ ಇರಿ." ಒಮ್ಮೆ ಒಂದು ಮನೆಯಲ್ಲಿ ಮದುಮಗ ಹೊರಗೆ, ಮದುಮಗಳು ಒಳಗೆ ಉಳಿದು ಮುಹೂರ್ತ ಮೀರಿತು. ಕಣ್ಣು ತೆರೆದಾಗ ಬಾಗಿಲವ ಮೊದಲಿನಂತೆಯೇ ಇದ್ದ. ಅಡುಗೆಮನೆಯಲ್ಲಿ ಉಪ್ಪಿಡುವ ಮರದ ಮರಿಗೆ ಮಾತ್ರ ಜಾಗ ಬದಲಿಸಿತ್ತು.

ಆ ಊರಿನಲ್ಲಿ ಒಬ್ಬ ಗಂಟೆಯವನಿದ್ದ. ದಿನಕ್ಕೊಮ್ಮೆ, ಬೆಳಿಗ್ಗೆ, ಗೋಪುರದ ಕೆಳಗೆ ನಿಂತು ಹಗ್ಗ ಎಳೆದು ಏಳು ಬಾರಿ ಗಂಟೆ ಹೊಡೆಯುವುದು ಅವನ ಕೆಲಸ. ನಲವತ್ತು ವರ್ಷದಲ್ಲಿ ಒಂದು ದಿನವೂ ಅದು ಆರಾಗಿರಲಿಲ್ಲ, ಎಂಟಾಗಿರಲಿಲ್ಲ. ಹಗ್ಗ ಸವೆದಾಗ ಹೊಸದು ಕಟ್ಟಿ, ಹಳೆಯದರ ಒಂದು ತುಂಡನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಅವನಿಗೆ ಒಬ್ಬಳೇ ಮಗಳು. ಅವಳು ಅಳತೆಯವಳು. ಸೂರ್ಯ ಹುಟ್ಟುವ ಮೊದಲು ನದಿಯ ಮೆಟ್ಟಿಲಿಗೆ ಹೋಗಿ, ನೀರಿಗೆ ಕೋಲು ಇಳಿಸಿ, ಎಷ್ಟು ಮೊಳ ಎಂದು ಬರೆದಿಡುವುದು ಅವಳ ಕೆಲಸ. ಅಳೆಯದೆ ಅವಳು ಏನನ್ನೂ ನಂಬುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾರುವವನು ಬಾಗಿಲಿಗೆ ಬಂದ. ಅವನು ಬೆಟ್ಟದಿಂದ ಕೇಳಿಸಿಕೊಂಡು ಊರಿಗೆ ಇಳಿಯುವವನು. ಬೆಟ್ಟಕ್ಕೆ ಹೇಳುವುದು ಅವನ ಕೆಲಸವಲ್ಲ, ಚೀಲ ಖಾಲಿಯಾದರೆ ಸಾಕು.

"ನೆನಪಿನ ಲೇಹ್ಯ, ಅಕ್ಕಾ. ದಿನಕ್ಕೆರಡು ಚಮಚ."

"ನಮಗ್ಯಾಕೆ?"

"ನಿಮಗಲ್ಲ. ದೊಡ್ಡವರಿಗೆ."

"ಯಾರು ಹೇಳಿದರು?"

"ಯಾರೂ ಹೇಳಿಲ್ಲಪ್ಪ. ಸುಮ್ಮನೆ ಈ ಕಡೆ ಬಂದೆ."

ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಉಪ್ಪು ಕೇಳಿದ್ದ. ಬಡಿಸಿದ ಮೇಲೆ ಮತ್ತೆ ಕೇಳಿದ್ದ. ಅವಳು ನಕ್ಕು ಮತ್ತೆ ಬಡಿಸಿದ್ದಳು. ಅಷ್ಟೇ. ಅದನ್ನು ಮರೆವು ಎಂದು ಅವಳು ತನಗೆ ತಾನೇ ಇನ್ನೂ ಹೇಳಿಕೊಂಡಿರಲಿಲ್ಲ. ಬೆಟ್ಟ ಆಗಲೇ ಹೇಳಿಕೊಂಡಿತ್ತು.

ಮರುದಿನ ಮಾರುವವನು, ಬಿಟ್ಟುಹೋದರೆ ಕೂಗುವ ಚಪ್ಪಲಿ ತಂದ. ಅದರ ಮರುದಿನ, ಮನೆಮಂದಿಯ ಹೆಸರು ಬರೆದು ಕೊರಳಿಗೆ ಹಾಕಿಕೊಳ್ಳುವ ಹಲಗೆ ತಂದ.

ಅಳತೆಯವಳು ಪರೀಕ್ಷೆ ಮಾಡಿದಳು. ಮೊದಲ ದಿನ ನದಿಯ ದಡದಲ್ಲಿ ನಿಂತು, "ನಮ್ಮ ಆಡಿಗೆ ಒಂದು ಕೊಡೆ ಬೇಕು" ಎಂದು ಗಟ್ಟಿಯಾಗಿ ಹೇಳಿದಳು. ಯಾರೂ ಬರಲಿಲ್ಲ. ಎರಡನೆಯ ದಿನ ಅದೇ ಮಾತನ್ನು ಮನೆಯೊಳಗೆ ಪಿಸುಗುಟ್ಟಿದಳು. ಬೆಳಗಾಗುತ್ತಲೇ ಮಾರುವವನು ಮೂರು ಅಳತೆಯ ಕೊಡೆ ಹರಡಿಕೊಂಡು ಕೂತಿದ್ದ.

"ಕೊಂಬಿಗೆ ತೂತು ಇರೋದೂ ಇದೆ ಅಕ್ಕಾ."

"ನಮ್ಮನೇಲಿ ಆಡೇ ಇಲ್ಲ."

"ಆಡೂ ತಂದಿದ್ದೀನಿ."

ಮೂರನೆಯ ದಿನ ಅವಳು ಏನೂ ಮಾತಾಡದೆ, ಎದುರುಮನೆಯವಳ ಆಡನ್ನು ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದಳು. ಮಾರುವವನು ಬೇರೆ ಬಣ್ಣದ ಕೊಡೆ ತಂದ. ಪರೀಕ್ಷೆ ಮುಗಿಯಿತು.

"ನಮ್ಮ ಮನೆಯ ಮಾತು ಬೆಟ್ಟಕ್ಕೆ ಹೇಳಬೇಡ" ಎಂದಳು ಬಾಗಿಲವನಿಗೆ.

"ಆಗಲಿ ಅಮ್ಮ. ಎಲ್ಲ ನಿಮ್ಮ ಇಷ್ಟ" ಎಂದು ಅವನು ತನ್ನ ಅಂಗಿ ಸರಿಸಿದ. ಎದೆಯ ಮೇಲೆ ನಲವತ್ತು ಗೂಟಗಳಿದ್ದವು. ಒಂದೊಂದರ ಬಲಕ್ಕೆ 'ಹೇಳು', ಎಡಕ್ಕೆ 'ಹೇಳಬೇಡ'. ನಲವತ್ತೂ ಬಲಕ್ಕೆ ತಿರುಗಿದ್ದವು. ಅವಳು ಒಂದೊಂದಾಗಿ ಎಡಕ್ಕೆ ತಿರುಗಿಸಿದಳು. ಬೆರಳು ಸುಲಿಯಿತು. ಸಂಜೆ ದೀಪ ಹತ್ತಿತು. ಬಾಗಿಲವ ಬೆಟ್ಟ ಹತ್ತಿದ.

"ಎಲ್ಲ ಗೂಟ ತಿರುಗಿಸಿದೆನಲ್ಲೋ! ಮತ್ತೆ ಯಾಕೆ ಹೋದೆ?"

"ನೀವು ಗೂಟ ತಿರುಗಿಸಿದಿರಿ ಅಂತ ಹೇಳೋಕೆ, ಅಮ್ಮ."

ಎರಡು ದಿನ ಕಳೆದು ಅವನು ಹೊಸಬನಾದ. ನಲವತ್ತೂ ಗೂಟ ಬಲಕ್ಕಿದ್ದವು.

ಅವಳು ಎದುರುಮನೆಯವಳಿಗೆ ಹೇಳಿಕೊಂಡಳು. ಎದುರುಮನೆಯವಳು ಅಕ್ಕಿಯ ಕಲ್ಲು ಆರಿಸುತ್ತಾ ನಕ್ಕಳು. "ಹೇಳಿದರೆ ಹೇಳಲಿ ಬಿಡು ತಂಗೀ. ನಮ್ಮಂಥವರ ಮನೇಲಿ ಮುಚ್ಚಿಡೋಂಥದ್ದು ಏನಿದೆ?" ಆಮೇಲೆ ತನ್ನ ಬಾಗಿಲವನ ಕಡೆ ಓರೆಗಣ್ಣು ಹಾಯಿಸಿ, ಅಳತೆಯವಳ ಕಿವಿಯ ಹತ್ತಿರ ಬಾಗಿ, "ಒಳಗೆ ಬೇಡ, ಹಿತ್ತಲಿಗೆ ಬಾ, ಒಂದು ವಿಷಯ ಹೇಳಬೇಕು" ಎಂದಳು.

ಹಿತ್ತಲಿನಲ್ಲಿ ಹೇಳಿದ್ದು ಇಷ್ಟು. ಬೆಟ್ಟದ ಮೇಲೆ ಮರೆವಿನ ಎಣಿಕೆ ಇರುತ್ತದೆ. ಇಪ್ಪತ್ತು ತುಂಬಿದರೆ ಅವರ ಕೈಯ ಕೆಲಸ ಬಿಡಿಸಿ, ಊರ ತುದಿಯಲ್ಲಿರುವ ಸುಮ್ಮನಿರುವವರ ಕಟ್ಟೆಯ ಮೇಲೆ ಕೂರಿಸುತ್ತಾರೆ. ಎದುರುಮನೆಯವಳ ಸೋದರಮಾವ ಕುಂಬಾರ, ಅವನನ್ನೂ ಹಾಗೆಯೇ ಕೂರಿಸಿದ್ದರು. ಅವನ ಮಡಕೆ ಒಂದೂ ಸೊಟ್ಟಗಾಗಿರಲಿಲ್ಲ. ಹಬ್ಬದ ದಿನ ಯಾವುದೆಂದು ಮರೆಯುತ್ತಿದ್ದ, ಅಷ್ಟೇ. ಕಟ್ಟೆಯ ಮೇಲೆ ಕೂತ ಮೂರನೇ ತಿಂಗಳಿಗೆ ತೀರಿಹೋದ.

"ಇಪ್ಪತ್ತು ಅಂತ ಎಲ್ಲಿ ಬರೆದಿದೆ ಅಕ್ಕಾ?"

"ಸುರುಳಿಯಲ್ಲಿ. ಬಾವಿಯ ಆಚೆ ಎಲ್ಲೋ."

ಅಳತೆಯವಳು ಮನೆಗೆ ಬಂದು ಬಾಗಿಲವನನ್ನು ಕೇಳಿದಳು. "ನಮ್ಮಪ್ಪನದು ಎಷ್ಟಾಗಿದೆ?"

ಬಾಗಿಲವ ಸುಳ್ಳು ಹೇಳುವವನಲ್ಲ. "ಇವತ್ತಿಗೆ ಹದಿನೈದು ಅಮ್ಮ."

"ಗಂಟೆ ಒಂದು ದಿನವಾದರೂ ತಪ್ಪಿದೆಯಾ?"

"ಗಂಟೆ ಮನೆಯ ಹೊರಗಿನ ವಿಷಯ, ಅಮ್ಮ. ಅದು ನನಗೆ ಬರೋದಿಲ್ಲ."

ನದಿಯ ಆಚೆ ದಡದಲ್ಲಿ ಅಗುಳಿಯವರಿದ್ದರು. ಅವರ ಮನೆಗಳಿಗೆ ಬಾಗಿಲವರಿರಲಿಲ್ಲ. ಬಾಗಿಲ ಹಿಂದೆ ಅಡ್ಡಲಾಗಿ ಒಂದು ಮರದ ತುಂಡು, ಅದೇ ಅಗುಳಿ. ಸರಿಸಿದರೆ ತೆರೆಯುತ್ತದೆ, ಸರಿಸದಿದ್ದರೆ ಇಲ್ಲ. ಅದಕ್ಕೆ ಕಿವಿಯಿಲ್ಲ. ಅಗುಳಿಯವರು ಯಾರಿಗೆ ಬೇಕಾದರೂ ಮರ ಕೊಡುತ್ತಿದ್ದರು, ಕೆತ್ತುವ ಕ್ರಮ ಹೇಳುತ್ತಿದ್ದರು, ಪ್ರತಿಯಾಗಿ ಏನೂ ಕೇಳುತ್ತಿರಲಿಲ್ಲ. ಉಳಿದ ಹೊತ್ತು ಜಗಳವಾಡುತ್ತಿದ್ದರು.

"ನಮ್ಮ ಮನೆಗೆ ಯಾವ ಅಗುಳಿ ಒಳ್ಳೆಯದು?" ಎಂದು ಅಳತೆಯವಳು ಕೇಳಿದಳು. ಅದು ಅವಳ ತಪ್ಪು.

"ಎಡಕ್ಕೆ ಸರಿಯೋದು. ಬೇರೆ ಯಾವುದೂ ಅಗುಳಿಯೇ ಅಲ್ಲ" ಎಂದ ಒಬ್ಬ.

"ಎಡದ್ದು ಕಲಿಯುವ ಮಕ್ಕಳಿಗೆ. ಬುದ್ಧಿ ಇದ್ದವರಿಗೆ ಬಲಕ್ಕೆ ಸರಿಯೋದು" ಎಂದ ಇನ್ನೊಬ್ಬ.

"ಮೊದಲು ಒಂದು ಮರ ನೆಡಿ" ಎಂದ ಮೂರನೆಯವನು. ಅವನ ಸ್ವಂತ ಮರ ಮೊಣಕಾಲೆತ್ತರ ಬೆಳೆದಿತ್ತು. ಅವನ ಮನೆಗೆ ಇನ್ನೂ ಬಾಗಿಲಿರಲಿಲ್ಲ.

ಮೂಲೆಯಲ್ಲಿ ಮರ ಕೆತ್ತುತ್ತಿದ್ದ ಅಜ್ಜಿಯೊಬ್ಬಳು ತಲೆಯೆತ್ತಿದಳು. "ಇದನ್ನ ತಗೊಂಡುಹೋಗು ಮಗಾ. ಬಾಗಿಲವನನ್ನ ಒಂದು ಮೊಳ ಪಕ್ಕಕ್ಕೆ ಸರಿಸಿ, ಒಂದು ದಿನ ಹಾಕಿ ನೋಡು. ಒಗ್ಗದಿದ್ದರೆ ತೆಗೆದುಬಿಡು. ಬೀಸುಕಲ್ಲು ನಿನ್ನ ಮಾತು ಕೇಳೋದಿಲ್ಲ, ಕೈಯಲ್ಲೇ ಬೀಸಬೇಕು. ದೀಪಕ್ಕೆ ಕಡ್ಡಿ ಗೀರಬೇಕು."

"ಇಬ್ಬರನ್ನೂ ಇಟ್ಟುಕೊಂಡರೆ? ಅವನೂ ಇರಲಿ, ಅಗುಳಿಯೂ ಇರಲಿ."

"ಇಟ್ಟುಕೊಳ್ಳಬಹುದು. ಅವನು ಹೊಸಬನಾಗುವ ದಿನ ಅಗುಳಿಯನ್ನ ಒಲೆಗೆ ಹಾಕ್ತಾನೆ. ಕೇಳಿದರೆ ಕಾಣಿಸಲೇ ಇಲ್ಲ ಅಂತಾನೆ." ಅಜ್ಜಿ ಉಳಿ ಕೆಳಗಿಟ್ಟಳು. "ಒಂದು ಮಾತು. ಬಾಗಿಲವ ನಿಮ್ಮನ್ನ ನೆನಪಿಟ್ಟುಕೊಳ್ತಾನೆ. ಅಗುಳಿಯನ್ನ ನೀವು ನೆನಪಿಟ್ಟುಕೊಳ್ಳಬೇಕು. ಮನೇಲಿ ಮರೆಯೋರು ಯಾರೂ ಇಲ್ಲ ತಾನೇ?"

ಅಳತೆಯವಳು ಅಗುಳಿ ಎತ್ತಿಕೊಂಡಳು.

ಮನೆಗೆ ಬಂದು ಬಾಗಿಲವನನ್ನು ಒಂದು ಮೊಳ ಸರಿಸಿ ಅಗುಳಿ ಹಾಕಿದಳು. ಅಪ್ಪನಿಗೆ ಕಲಿಸಿದಳು. ಮೇಲೆತ್ತು, ಎಡಕ್ಕೆ ಸರಿಸು. ಹನ್ನೆರಡು ಸಲ ಕಲಿಸಿದಳು. ಬಾಗಿಲ ಮೇಲೆ ಸುಣ್ಣದಲ್ಲಿ ಕೈಯ ಚಿತ್ರ ಬರೆದಳು, ಬಾಣದ ಗುರುತು ಬರೆದಳು. ಅಪ್ಪ ದೂರ ನಿಂತು ನೋಡಿದ.

"ಚೆನ್ನಾಗಿ ಬರೆದಿದ್ದೀಯ ಕೂಸೇ. ಯಾರ ಕೈ ಅದು?"

ಬೆಳಿಗ್ಗೆ ಅವಳು ಹೊರಗೆ ಬಂದು, ಕಿಟಕಿಯಿಂದ ಕೈ ತೂರಿಸಿ ಅಗುಳಿ ಹಾಕಿ, ನದಿಗೆ ಹೋದಳು. ಕೋಲು ಇಳಿಸಿದಳು. ಬೆಳಕು ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು, ಮೂರನೆಯದಕ್ಕೆ ಬಂತು. ಗಂಟೆ ಕೇಳಲಿಲ್ಲ. ಕೋಲನ್ನು ನೀರಿನಲ್ಲೇ ಬಿಟ್ಟು ಓಡಿದಳು.

ಅಪ್ಪ ಬಾಗಿಲ ಒಳಗೆ, ಎರಡೂ ಅಂಗೈಯನ್ನು ಹಲಗೆಗೆ ಒತ್ತಿ ನಿಂತಿದ್ದ. ಪಕ್ಕದಲ್ಲಿ ಬಾಗಿಲವ ನಗುತ್ತಿದ್ದ. ಅವಳು ಕಿಟಕಿಯಿಂದ ಕೈ ತೂರಿಸಿ ಅಗುಳಿ ಎತ್ತಿದಳು. ಅಪ್ಪ ಗೋಪುರದ ಕಡೆ ಓಡಿದ. ಗಂಟೆ ತಡವಾಯಿತು. ಆದರೆ ಏಳೇ ಹೊಡೆಯಿತು.

"ನೀನಾದರೂ ತೆರೆಯಬಾರದಿತ್ತಾ?"

"ನನ್ನನ್ನು ಒಂದು ಮೊಳ ಸರಿಸಿದ್ದೀರಿ ಅಮ್ಮ. ಕೈ ಎಟುಕಲಿಲ್ಲ."

"ಕಣ್ಣು?"

"ಕಣ್ಣು ಎಟುಕಿತು. ತಳ್ಳಿ ನೋಡಿದರು, ಬಡಿದು ನೋಡಿದರು, ನಿಮ್ಮನ್ನು ಕೂಗಿದರು, ನಿಮ್ಮ ತಾಯಿಯವರನ್ನು ಕೂಗಿದರು. ನಾಲ್ಕು. ಒಟ್ಟು ಹತ್ತೊಂಬತ್ತು."

ತಾಯಿ ಸತ್ತು ಹನ್ನೊಂದು ವರ್ಷವಾಗಿತ್ತು.

ಮರುದಿನ ಮಾರುವವನು ಬರಿಗೈಯಲ್ಲಿ ಬಂದ. "ಕಟ್ಟೆಯ ಮೇಲೆ ನೆರಳಿನ ಕಡೆ ಒಂದು ಜಾಗ ಇದೆ ಅಕ್ಕಾ. ಈಗಲೇ ಹಿಡಿದರೆ ಒಳ್ಳೆಯದು. ಆಮೇಲೆ ಬಿಸಿಲಿನ ಕಡೆಯೇ ಸಿಗೋದು."

ಅವಳು ಅಗುಳಿ ತೆಗೆದಳು. ಬಾಗಿಲವನನ್ನು ಮತ್ತೆ ಅವನ ಜಾಗಕ್ಕೆ ನಿಲ್ಲಿಸಿದಳು. ಅಪ್ಪನ ಮುಂದೆ ಕುಳಿತು ಹೇಳಿದಳು. "ಅಪ್ಪಾ, ಇನ್ನು ಮನೆಯೊಳಗೆ ಏನೂ ಕೇಳಬೇಡ. ಏನೂ ಹೇಳಬೇಡ."

"ಯಾಕೆ?"

"ಸುಮ್ಮನೆ."

ಅಪ್ಪ ತಲೆಯಾಡಿಸಿದ. ಆ ದಿನ ಅವನು ಎಂದಿನಂತೆ ನದಿ ಎಷ್ಟು ಮೊಳ ಎಂದು ಕೇಳಲಿಲ್ಲ. ಉಪ್ಪು ಕೇಳಲಿಲ್ಲ. ಸಪ್ಪೆ ಸಾರನ್ನೇ ಉಂಡ. ಮಾತು ಬಾಯಿಗೆ ಬಂದಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆಶ್ಚರ್ಯವೆಂದರೆ ಆ ಒಂದು ಮಾತನ್ನು ಅವನು ಮರೆಯಲಿಲ್ಲ. ಬಾಗಿಲವ ಸಂಜೆ ಬೆಟ್ಟ ಹತ್ತಿ ಇಳಿದು ಬಂದು ಸಂತೋಷದಿಂದ ಹೇಳಿದ. "ಇವತ್ತು ಒಂದೂ ಇಲ್ಲ ಅಮ್ಮ. ಹತ್ತೊಂಬತ್ತೇ."

ಅಳತೆಯವಳು ಅಪ್ಪನನ್ನು ನೋಡಿದಳು. ಅವನು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಕಟ್ಟೆಯನ್ನು ಅವಳು ಮನೆಯೊಳಗೇ ಕಟ್ಟಿದ್ದಳು.

ಆಗ ಅಪ್ಪ ತಲೆದಿಂಬಿನ ಕೆಳಗಿಂದ ಗಂಟೆಯ ಹಳೆಯ ಹಗ್ಗ ತೆಗೆದ. ಅದನ್ನು ಕಂಬದ ಗೂಟದ ಮೇಲೆ ಹಾಯಿಸಿದ. ಎರಡೂ ಕೈಯಲ್ಲಿ ಹಿಡಿದು ಎಳೆದ, ಬಿಟ್ಟ. ಎಳೆದ, ಬಿಟ್ಟ. ಅವಳು ಎಣಿಸಿದಳು. ಏಳು. ಅವನ ಕೈಗೆ ಯಾರೂ ಹನ್ನೆರಡು ಸಲ ಕಲಿಸಿರಲಿಲ್ಲ, ಯಾರೂ ಚಿತ್ರ ಬರೆದು ತೋರಿಸಿರಲಿಲ್ಲ.

ಬೆಳಗಾಗುತ್ತಲೇ ಅವಳು ಮತ್ತೆ ಆಚೆ ದಡಕ್ಕೆ ಹೋದಳು. "ಅಗುಳಿಗೆ ಹಗ್ಗ ಕಟ್ಟಬಹುದಾ? ಎಳೆದರೆ ಏಳುವ ಹಾಗೆ, ಬಿಟ್ಟರೆ ಬೀಳುವ ಹಾಗೆ?"

ಎಡದವನೂ ಬಲದವನೂ ಮೊದಲ ಸಲ ಒಂದಾದರು. "ಹಗ್ಗ ಕಟ್ಟಿದರೆ ಅದು ಅಗುಳಿಯೇ ಅಲ್ಲ!" ಮರ ನೆಟ್ಟವನು, ಹಗ್ಗ ಬೇಕಾದರೆ ಮೊದಲು ನಾರು ಬೆಳೆಯಬೇಕು ಎಂದ.

ಅಜ್ಜಿ ಉಳಿ ನಿಲ್ಲಿಸಲಿಲ್ಲ. "ನಿನ್ನ ಬಾಗಿಲು, ನಿನ್ನ ಕೈ. ನಮ್ಮನ್ನು ಕೇಳೋದು ಯಾಕೆ ಮಗಾ?"

ಬದಲಿಸಲು ಯಾರ ಅಪ್ಪಣೆಯೂ ಬೇಡ ಎಂಬುದು ಅಳತೆಯವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಈಚೆ ದಡದಲ್ಲಿ ಬೆಳೆದವಳು.

ಬಾಗಿಲವನನ್ನು ಕಳಿಸುವುದು ಸುಲಭವಾಗಿರಲಿಲ್ಲ. "ಹೋಗು" ಎಂದಳು. "ಖಂಡಿತವಾಗಿಯೂ ಅಮ್ಮ?" ಎಂದ. "ಖಂಡಿತ." "ಮತ್ತೊಮ್ಮೆ ಯೋಚಿಸುತ್ತೀರಾ ಅಮ್ಮ?" "ಇಲ್ಲ." "ನಾಳೆ ನೆನಪಿಸಲಾ ಅಮ್ಮ?" "ಬೇಡ." ಹೊಸ್ತಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. "ಯಾಕೆ ಕಳಿಸುತ್ತಿದ್ದೀರಿ ಅಂತ ಐದು ಕಾರಣ ಹೇಳುತ್ತೇನೆ, ಒಂದು ಆರಿಸಿ. ನಾನು ನಗುವುದು ಕಡಿಮೆಯಾಯಿತೇ?" ಬೇಲಿ ದಾಟುವವರೆಗೆ ಏಳು ಸಲ ತಿರುಗಿ ಕೇಳಿದ. ಕೊನೆಗೆ ಬೆಟ್ಟ ಹತ್ತಿದ. ದೀಪ ಆರಿತು. ಬೀಸುಕಲ್ಲು ನಿಂತಿತು. ಅವಳು ಕಡ್ಡಿ ಗೀರಿದಳು.

ಅಗುಳಿಗೆ ಅವಳು ಗಂಟೆಯ ಹಳೆಯ ಹಗ್ಗ ಕಟ್ಟಿದಳು. ಒಂದು ತುದಿ ಒಳಗೆ, ಒಂದು ತುದಿ ಹಲಗೆಯ ತೂತಿನಿಂದ ಹೊರಗೆ. ಅಪ್ಪನಿಗೆ ಏನೂ ಕಲಿಸಲಿಲ್ಲ.

ಬೆಳಿಗ್ಗೆ ಅವನನ್ನು ಎಬ್ಬಿಸಲು ಯಾರೂ ಇರಲಿಲ್ಲ. ಎಂದೂ ಬೇಕಾಗಿರಲಿಲ್ಲ. ಇಷ್ಟು ವರ್ಷ ಅವನು ತಾನೇ ಎದ್ದು ಕೂತ ಮೇಲೆ ಬಾಗಿಲವ "ಎದ್ದೇಳಿ" ಎನ್ನುತ್ತಿದ್ದ, ಅಷ್ಟೇ. ಅಳತೆಯವಳು ನದಿಗೆ ಹೋದಳು. ಕೋಲು ಇಳಿಸಿದಳು, ಓದಲಿಲ್ಲ. ಬೆಳಕು ಮೊದಲ ಮೆಟ್ಟಿಲಿಗೆ ಬಂತು. ಊರ ಕಡೆಯಿಂದ ಧಡ್ ಎಂದು ಒಂದು ಸದ್ದು. ಮತ್ತೆ ಧಡ್. ಅಗುಳಿ ಎದ್ದು ಬೀಳುತ್ತಿತ್ತು. ಅವಳು ಎಣಿಸಿದಳು. ಏಳನೆಯದಾದ ಮೇಲೆ ಸದ್ದು ನಿಂತಿತು.

ಬೆಳಕು ಎರಡನೆಯ ಮೆಟ್ಟಿಲಿಗೆ ಬಂದಾಗ ಗಂಟೆ ಹೊಡೆಯಿತು. ಏಳು. ಆಮೇಲೆ ಅವಳು ನದಿಯನ್ನು ಅಳೆದಳು.

ಅಂದಿನಿಂದ ಆ ಮನೆಯ ಬಾಗಿಲು ಏಳನೆಯ ಎಳೆತಕ್ಕೇ ತೆರೆಯುತ್ತದೆ. ಅಪ್ಪ ಒಳಗೆ ಬರುವಾಗಲೂ ಏಳು, ಹೊರಗೆ ಹೋಗುವಾಗಲೂ ಏಳು. ಎದುರುಮನೆಯವಳು, "ಏನು ತಂಗೀ ಅದು, ಬೆಳಗೆದ್ದು ಧಡ್ ಧಡ್ ಅಂತ?" ಎಂದು ಕೇಳಿದಳು. ಅಳತೆಯವಳು, "ಹೊಸ ಬಾಗಿಲು ಅಕ್ಕಾ, ಒಗ್ಗಬೇಕು" ಎಂದಳು. ಒಳಗೆ ಅಪ್ಪ ನದಿ ಎಷ್ಟು ಮೊಳ ಎಂದು ಮೂರು ಸಲ ಕೇಳಿದ. ಅವಳು ಮೂರು ಸಲ ಹೇಳಿದಳು.

ವಾರ ಕಳೆದು ಮಾರುವವನು ಬಂದ. ಬೆಟ್ಟ ಅವನಿಗೆ ಏನೂ ಹೇಳಿ ಕಳಿಸಿರಲಿಲ್ಲ. ಹೇಳಲು ಅದರ ಹತ್ತಿರ ಏನೂ ಇರಲಿಲ್ಲ. ಆದ್ದರಿಂದ ಅವನು ಇದ್ದದ್ದನ್ನೆಲ್ಲ ಹೊತ್ತು ತಂದಿದ್ದ, ಬೆವರುತ್ತಿದ್ದ. ಹೊಸ್ತಿಲ ಮುಂದೆ ನಿಂತು ಬಾಯಿ ತೆರೆದ, ಮುಚ್ಚಿದ. ಬಾಗಿಲು ಏಳು ಸಲ ಧಡ್ ಎಂದಿತು. ಅಪ್ಪ ಹೊರಗೆ ಬಂದ. ಮಾರುವವನು ಆ ಊರಿನಲ್ಲಿ ಯಾರೂ ಯಾರನ್ನೂ ಕೇಳದ ಒಂದು ಪ್ರಶ್ನೆ ಕೇಳಿದ.

"ಯಜಮಾನರೇ, ನಿಮಗೆ ಏನು ಬೇಕು?"

"ಉಪ್ಪು" ಎಂದ ಅಪ್ಪ.

ಮಾರುವವನು ಒಂದು ಸೇರು ಉಪ್ಪು ಅಳೆದು ಕೊಟ್ಟ. ಅಪ್ಪ ಅದನ್ನು ಪಕ್ಕಕ್ಕಿಟ್ಟ.

"ಇನ್ನೇನು ಕೊಡಲಿ?"

"ಉಪ್ಪು" ಎಂದ ಅಪ್ಪ.

ಬಾಗಿಲ ಹಿಂದೆ ಅಳತೆಯವಳು ಉಸಿರು ಹಿಡಿದು ನಿಂತಳು. ಎದುರುಮನೆಯ ಬಾಗಿಲವ ಹೊಸ್ತಿಲಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಮಾರುವವನ ಮುಖ ಅರಳಿತು. ಅವನು ಇನ್ನೊಂದು ಸೇರು ಅಳೆದು ಕೊಟ್ಟು, ಕೈಮುಗಿದು, ಇಂಥ ಗಿರಾಕಿ ಊರಿಗೊಬ್ಬರಿದ್ದರೆ ಸಾಕು ಎಂದು ಹೊರಟ.

ಆ ಸಂಜೆ ಎದುರುಮನೆಯ ಬಾಗಿಲವ ಬೆಟ್ಟದ ಮೇಲೆ, ತನಗೆ ಕಂಡದ್ದನ್ನು ಕಂಡ ಹಾಗೆ ಒಪ್ಪಿಸಿದ. ಆ ಮನೆಯವರು ಎರಡು ಸೇರು ಉಪ್ಪು ಕೊಂಡರು. ಎಲ್ಲವನ್ನೂ ತಿಳಿದ ಬೆಟ್ಟ ಇದನ್ನೂ ತಿಳಿದುಕೊಂಡಿತು. ಮರುದಿನ ಮಾರುವವನು ಬುಟ್ಟಿ ತುಂಬ ಮಾವಿನಮಿಡಿ, ಎರಡು ಜಾಡಿ ಹೊತ್ತುಕೊಂಡು ಗೆಲುವಿನಿಂದ ಬಂದ.

ಅಳತೆಯವಳು ಎರಡನ್ನೂ ಕೊಂಡಳು. ತಂದೆ ಮಗಳು ಅಂಗಳದಲ್ಲಿ ಕುಳಿತು ಮಿಡಿಗೆ ಉಪ್ಪು ಹಾಕಿದರು. ಅವಳು ಜಾಡಿ ತರಲು ಒಳಗೆ ಹೋದಾಗ ಅಪ್ಪ ಇನ್ನೊಮ್ಮೆ ಹಾಕಿದ.

ಆ ವರ್ಷದ ಉಪ್ಪಿನಕಾಯಿ ಕೆಡಲೇ ಇಲ್ಲ.